ಟುಪೊಲೆವ್ ರೆಕ್ಕೆಯಡಿ ಕೇಳಿದ ಪ್ರಶ್ನೆ: ಯುದ್ಧವಿಮಾನ ನಾವೇ ಮಾಡಬೇಕಾ, ಹೊರಗಿಂದ ತರಬೇಕಾ?

ಕೋಡಿಬಾಗದವ

ದೀಪಾವಳಿ ರಜೆಗೆ ಅಕ್ಕನ ಮಗ ಹುಬ್ಬಳ್ಳಿಯಿಂದ ಬಂದಿದ್ದ. ಆರನೇ ಕ್ಲಾಸು. ಕಾರವಾರಕ್ಕೆ ಬಂದವರನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತೇವೆ ಅಂತ ನಿಮಗೆ ಗೊತ್ತೇ ಇದೆ. ಟಾಗೋರ್ ಬೀಚ್, ಚಪಾಲ್ ಹಡಗು, ಈಗ ಅದರ ಪಕ್ಕಕ್ಕೆ ಬಂದು ನಿಂತಿರುವ ನೌಕಾಪಡೆಯ ಹಳೆಯ ವಿಮಾನ ಟುಪೊಲೆವ್.

ಹುಡುಗ ರೆಕ್ಕೆಯ ಅಡಿ ನಿಂತು ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡಿದ. ನಾಲ್ಕು ಎಂಜಿನ್. ಒಂದೊಂದಕ್ಕೂ ಎರಡೆರಡು ಪಂಖ, ಒಂದರ ಹಿಂದೆ ಒಂದು.

"ಮಾಮಾ, ಇದು ನಾವು ಮಾಡಿದ್ದಾ?"
"ಅಲ್ಲ, ರಷ್ಯಾದ್ದು."
"ಈಗ ಇದರ ಬದ್ಲಿಗೆ ಯಾವುದು ಹಾರ್ತದೆ?"
"ಪಿ-8ಐ. ಅಮೆರಿಕದ್ದು."
"ದೊಡ್ಡ ಹಡಗಿನ ಮೇಲೆ ಇಳಿಯೋದು?"
"ಈಗ ರಷ್ಯಾದ ಮಿಗ್. ಮುಂದೆ ಫ್ರಾನ್ಸಿನ ರಫೇಲ್."

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಮತ್ತೆ ನಮ್ಮದು ಯಾವುದು?" ಅಂದ. ನಾನು "ಗೋಬಿ ಮಂಚೂರಿ ತಿಂತೀಯಾ?" ಅಂತ ಮಾತು ಹಾರಿಸಿದೆ.

ಮನೆಗೆ ಬಂದು ಕ್ಯಾಲ್ಕ್ಯುಲೇಟರ್ ಒತ್ತಿದೆ. 2025ರ ಏಪ್ರಿಲ್‌ನಲ್ಲಿ ನೌಕಾಪಡೆಗೆ 26 ರಫೇಲ್-ಎಂ ಒಪ್ಪಂದ ಆಯಿತು. ಸುಮಾರು 63,000 ಕೋಟಿ. 2021ರಲ್ಲಿ ಎಚ್‌ಎಎಲ್‌ಗೆ ನಮ್ಮದೇ ಯುದ್ಧವಿಮಾನ ತೇಜಸ್‌ನ ಹೊಸ ಮಾದರಿ ಎಂಕೆ-1ಎ 83 ಬೇಕು ಅಂತ ಆರ್ಡರ್ ಕೊಟ್ಟರು. ಸುಮಾರು 48,000 ಕೋಟಿ. ಭಾಗಿಸಿದರೆ ಒಂದು ರಫೇಲ್‌ಗೆ 2,400 ಕೋಟಿ, ಒಂದು ತೇಜಸ್‌ಗೆ 580 ಕೋಟಿ ಆಸುಪಾಸು. ಅಂದರೆ ಫ್ರಾನ್ಸಿನ ಒಂದರ ದುಡ್ಡಿಗೆ ನಮ್ಮವು ನಾಲ್ಕು! ಎಚ್‌ಎಎಲ್ ಇರುವುದು ನಮ್ಮ ಬೆಂಗಳೂರಿನಲ್ಲಿ, 1940ರಿಂದ. ಹಾಗಿದ್ದೂ ಹೊರಗಿನವರ ಮನೆ ಬಾಗಿಲು ಯಾಕೆ ತಟ್ಟಬೇಕು? ತಿಳಿದವರು ಹೇಳಿ. ಪಕ್ಷದ ಜಗಳ ಮಾತ್ರ ಬೇಡ.

ಬೈತಖೋಲ್ ಬಲೆ

ಗೋಬಿ ಎಲ್ಲಿ ತಿಂದ್ರಿ, ಅದು ಹೇಳಿ ಮೊದ್ಲು.

ಅಡಿಕೆ ಮಾಣಿ, ಶಿರಸಿ

ವಿಮಾನದ ಬಗ್ಗೆ ನನಗೆ ಅಷ್ಟಾಗಿ ಗೊತ್ತಿಲ್ಲ. ಅಡಿಕೆ ಸುಲಿಯುವ ಮೆಷಿನ್ ಬಗ್ಗೆ ಗೊತ್ತು. ನಮ್ಮ ಮನೆಗೆ ಮೊದಲು ಬಂದಿದ್ದು ದೂರದ ಕಂಪನಿಯದ್ದು. ಫಳಫಳ ಬಣ್ಣ, ದಪ್ಪ ಪುಸ್ತಕ, ಎರಡು ವರ್ಷ ಗ್ಯಾರಂಟಿ. ಕೊನೆಕೊಯ್ಲಿನ ನಟ್ಟನಡುವೆ ಬ್ಲೇಡು ಮುರಿಯಿತು. ಫೋನ್ ಮಾಡಿದರೆ "ಪಾರ್ಟ್ ಬರಬೇಕು ಸಾರ್." ಹಸಿ ಅಡಿಕೆ ಕಾಯುತ್ತದಾ? ಕಡೆಗೆ ಅಷ್ಟನ್ನೂ ಅಂಗಳಕ್ಕೆ ಹರವಿ ಸಿಪ್ಪೆ ಸಮೇತ ಒಣಗಿಸಿ ಚಾಲಿ ಮಾಡಿದೆವು. ಆ ವರ್ಷ ನಮ್ಮ ಮನೆಯಲ್ಲಿ ಕೆಂಪಡಿಕೆ ಅಂತ ಆಗಿದ್ದು ಎರಡೇ ಮೂಟೆ.

ಈಗಿರುವುದು ಪಕ್ಕದೂರಿನ ವೆಲ್ಡಿಂಗ್ ಶಾಪಿನವ ಮಾಡಿಕೊಟ್ಟಿದ್ದು. ನೋಡಲು ಥೇಟ್ ಎಮ್ಮೆ. ಶಬ್ದ ಕೇಳಿದರೆ ನಾಯಿ ಓಡಿಹೋಗುತ್ತದೆ. ಆದರೆ ರಾತ್ರಿ ಎಂಟಕ್ಕೆ ಕರೆದರೂ ಸ್ಪ್ಯಾನರ್ ಹಿಡಿದು ಬರುತ್ತಾನೆ. ಹೋದ ವರ್ಷ ನಮ್ಮ ಅಪ್ಪಯ್ಯ ಹೇಳಿದ ಹಾಗೆ ಜಾಳಿಗೆಯನ್ನೂ ಬದಲಿಸಿಕೊಟ್ಟ. ನನ್ನ ವೋಟು ಎಚ್‌ಎಎಲ್‌ಗೆ.

ಲಂಗರು ಎತ್ತಿದವ

ಕೋಡಿಬಾಗದವರೇ, ನಮಸ್ಕಾರ. ನಾನು ನೌಕಾಪಡೆಯಲ್ಲಿ ಇಪ್ಪತ್ತು ಚಿಲ್ಲರೆ ವರ್ಷ ವಿಮಾನ, ಹೆಲಿಕಾಪ್ಟರ್ ರಿಪೇರಿ ಕೆಲಸ ಮಾಡಿದವ. ಈಗ ಸದಾಶಿವಗಡದಲ್ಲಿ ಮನೆ, ತೆಂಗಿನ ಮರ, ಸಕ್ಕರೆ ಕಾಯಿಲೆ.

ನಿಮ್ಮ ಭಾಗಾಕಾರ ಸರಿ, ಲೆಕ್ಕ ತಪ್ಪು. ಆ 63,000 ಕೋಟಿಯಲ್ಲಿ ಬರೀ 26 ವಿಮಾನ ಇಲ್ಲ. ಪೈಲಟ್‌ಗಳ ತರಬೇತಿ, ಸಿಮ್ಯುಲೇಟರ್, ಕ್ಷಿಪಣಿಗಳು, ವಿಮಾನಗಳು ಹಾರಲು ಸಿದ್ಧವಾಗಿರುವಂತೆ ನೋಡಿಕೊಳ್ಳುವ ನಿರ್ವಹಣೆಯ ಖರ್ಚು, ಎಲ್ಲ ಅದರೊಳಗೇ ಇದೆ. ವಾಯುಪಡೆಯ ಹತ್ತಿರ ಆಗಲೇ ಇರುವ 36 ರಫೇಲ್‌ಗಳಿಗೆ ಬೇಕಾದ ಒಂದಷ್ಟು ಸಾಮಾನೂ ಇದರಲ್ಲೇ ಸೇರಿದೆ. ಒಬ್ಬ ಮನೆ ಕಟ್ಟಿದ ಖರ್ಚಿನಲ್ಲಿ ಬಾವಿ, ಕಾಂಪೌಂಡು, ಗೃಹಪ್ರವೇಶದ ಊಟ ಎಲ್ಲ ಸೇರಿಸಿ ಹೇಳಿದ್ದಾನೆ. ಇನ್ನೊಬ್ಬನ ಲೆಕ್ಕದಲ್ಲಿ ಹೆಚ್ಚುಕಮ್ಮಿ ಗೋಡೆ, ಮಾಡು ಮಾತ್ರ. ಎರಡನ್ನೂ ಚದರ ಅಡಿಗೆ ಇಷ್ಟು ಅಂತ ಭಾಗಿಸಿದರೆ ಹೇಗೆ?

ಇನ್ನೊಂದು. ಹಡಗಿನ ಮೇಲಿನ ವಿಮಾನ ಬೇರೆಯದೇ ಜಾತಿ. ವಿಕ್ರಾಂತ್ 262 ಮೀಟರ್ ಉದ್ದದ ವಿಮಾನವಾಹಕ ಹಡಗು. ಇಳಿಯುವಾಗ ಡೆಕ್ಕಿನ ಮೇಲೆ ಅಡ್ಡ ಕಟ್ಟಿದ ಉಕ್ಕಿನ ಹಗ್ಗಕ್ಕೆ ಬಾಲದ ಕೊಕ್ಕೆ ಸಿಕ್ಕಬೇಕು. ಸಿಗದಿದ್ದರೆ ಹಾಗೇ ಮತ್ತೆ ಹಾರಬೇಕು. ಅದಕ್ಕೇ ಪೈಲಟ್ ಡೆಕ್ಕು ಮುಟ್ಟಿದ ಕೂಡಲೇ ಎಂಜಿನ್ನಿಗೆ ಪೂರ್ತಿ ಜೋರು ಕೊಡುತ್ತಾನೆ, ನಿಲ್ಲಿಸಲು ಅಲ್ಲ. ವಿಮಾನ ಇಳಿಯುವುದು ಅಂದರೆ ಮೆಲ್ಲಗೆ ಕೂರುವುದು ಅಂದುಕೊಂಡಿರುತ್ತೇವೆ. ಡೆಕ್ಕಿನ ಮೇಲೆ ಅದು ಬೀಳುವುದು. ಚಕ್ರದ ಕಾಲು, ಬೆನ್ನುಮೂಳೆ ಎಲ್ಲ ಅದಕ್ಕೆ ತಕ್ಕಂತೆ ಗಟ್ಟಿ ಇರಬೇಕು. ಗಟ್ಟಿ ಮಾಡಿದರೆ ತೂಕ ಏರುತ್ತದೆ.

ಏರುವುದೂ ಸುಲಭ ಇಲ್ಲ. ಅಮೆರಿಕದ ಹಡಗುಗಳಲ್ಲಿ ವಿಮಾನವನ್ನು ಕವಣೆ ಕಲ್ಲಿನ ಹಾಗೆ ಎಸೆಯುವ ಯಂತ್ರ ಇದೆ. ನಮ್ಮ ವಿಕ್ರಾಂತ್, ವಿಕ್ರಮಾದಿತ್ಯದಲ್ಲಿ ಅದಿಲ್ಲ. ಮುಂದಿನ ತುದಿ ಮೇಲಕ್ಕೆ ಬಾಗಿದೆ, ಅಷ್ಟೇ. ವಿಮಾನ ತನ್ನ ಸ್ವಂತ ಬಲದಿಂದಲೇ ಏರಬೇಕು.

ಈಗ ನಮ್ಮ ತೇಜಸ್. ಅದರ ನೌಕಾ ಮಾದರಿ ಇದೆ, ಮರೀಬೇಡಿ. 2012ರಲ್ಲಿ ಮೊದಲು ಹಾರಿತು. ಇಲ್ಲೇ ಪಕ್ಕದ ಗೋವಾದಲ್ಲಿ, ಹಾನ್ಸಾ ನೆಲೆಯಲ್ಲಿ ಹಡಗಿನ ಡೆಕ್ಕಿನ ಹಾಗೇ ಕಟ್ಟಿದ ಜಾಗದಲ್ಲಿ ಹಗ್ಗ ಹಿಡಿಯುವುದನ್ನು ಕಲಿಯಿತು. 2020ರ ಜನವರಿ 11ಕ್ಕೆ ವಿಕ್ರಮಾದಿತ್ಯದ ಮೇಲೆ ಇಳಿಯಿತು. ಆ ಸುದ್ದಿ ನೋಡಿ ನಾನು ಹೆಂಡತಿಗೆ ಪಾಯಸ ಮಾಡಲು ಹೇಳಿದ್ದೆ (ಆಗ ಸಕ್ಕರೆ ಕಾಯಿಲೆ ಇರಲಿಲ್ಲ). ಆದರೆ ಅದು ಒಂದೇ ಎಂಜಿನ್ನಿನ ವಿಮಾನ. ಬರಿ ಮೈಯಲ್ಲಿ ಏರಿದರೆ ಸಾಲದು. ತುಂಬಿದ ಟ್ಯಾಂಕು, ಕ್ಷಿಪಣಿ ಹೊತ್ತು ಏರಬೇಕು. ಅದು ನಮಗೆ ಸಾಲುವುದಿಲ್ಲ ಅಂತ ನೌಕಾಪಡೆ 2016ರಲ್ಲೇ ಹೇಳಿಯಾಗಿತ್ತು. ಎರಡು ಎಂಜಿನ್ನಿನ ನಮ್ಮದೇ ವಿಮಾನ ಇನ್ನೂ ವಿನ್ಯಾಸದ ಹಂತದಲ್ಲಿದೆ. ಅಲ್ಲಿಯವರೆಗೆ ಹಡಗನ್ನು ಖಾಲಿ ಇಟ್ಟುಕೊಂಡು ಕೂರಲಿಕ್ಕಾಗುತ್ತದಾ?

ಕುಮಟಾ ಟು ಕುವೈತ್

ಸಾರ್ ಹೇಳಿದ್ದು ನೂರಕ್ಕೆ ನೂರು. ನಾನು ಇನ್ನೂ ಸ್ವಲ್ಪ ಖಾರ ಹಾಕುತ್ತೇನೆ, ಬೇಜಾರಾಗಬೇಡಿ.

ತೇಜಸ್ ಯೋಜನೆ ಶುರುವಾಗಿದ್ದು 1983. ನಾನು ಹುಟ್ಟಿದ್ದೂ ಅದೇ ವರ್ಷ. ಅದು ಮೊದಲು ಹಾರಿದ್ದು 2001ರ ಜನವರಿ 4. ನಾನು ಆಗ ಪಿಯುಸಿ ಮುಗಿಸುತ್ತಿದ್ದೆ. ಅದರ ಮೊದಲ ಸ್ಕ್ವಾಡ್ರನ್ (ವಿಮಾನಗಳ ತುಕಡಿ) ಶುರುವಾಗಿದ್ದು 2016. ಅಷ್ಟೊತ್ತಿಗೆ ನನ್ನ ಮಗಳು ಶಾಲೆಗೆ ಹೋಗುತ್ತಿದ್ದಳು. ಈಗ ನನ್ನ ಗಡ್ಡ ಬೆಳ್ಳಗಾಗಿದೆ. ಎಂಕೆ-1ಎ 2024ರ ಮಾರ್ಚ್ ಒಳಗೆ ಬರಬೇಕಿತ್ತು. 2025ರ ಅಕ್ಟೋಬರ್ 17ಕ್ಕೆ ನಾಸಿಕದಲ್ಲಿ ಅಲ್ಲಿಯ ಮೊದಲನೆಯದು ಹಾರಿತು ಅಂತ ಎಲ್ಲರೂ ಚಪ್ಪಾಳೆ ಹೊಡೆದರು. ಆಗಲೂ ವಾಯುಪಡೆಯ ಕೈಗೆ ಒಂದೂ ಬಂದಿರಲಿಲ್ಲ. ಮಿಗ್-21 ಅದೇ ವರ್ಷ ಸೆಪ್ಟೆಂಬರ್ 26ಕ್ಕೆ ನಿವೃತ್ತಿ ಆಯಿತು. 42 ಸ್ಕ್ವಾಡ್ರನ್ ಇರಬೇಕಾದ ಕಡೆ ಆಗ 29 ಉಳಿದವು. 2025ರ ಫೆಬ್ರವರಿಯಲ್ಲಿ ಏರೋ ಇಂಡಿಯಾ ಪ್ರದರ್ಶನದಲ್ಲಿ ವಾಯುಪಡೆಯ ಮುಖ್ಯಸ್ಥರೇ ಎಚ್‌ಎಎಲ್‌ನವರಿಗೆ ನಿಮ್ಮ ಮೇಲೆ ನನಗೆ ಭರವಸೆ ಇಲ್ಲ ಎಂಬರ್ಥದಲ್ಲಿ ಹೇಳಿದ್ದು ವಿಡಿಯೋ ಆಗಿ ಊರೆಲ್ಲ ಸುತ್ತಿತು.

ಮನೆ ಮಗ ಅಂತ ಪರೀಕ್ಷೆ ಬರೆಯದೇ ಪಾಸ್ ಮಾಡಲಿಕ್ಕಾಗುತ್ತಾ? ಅಡಿಕೆ ಮಾಣಿಯವರೇ, ನಿಮ್ಮ ವೆಲ್ಡಿಂಗ್ ಶಾಪಿನವ ಮೆಷಿನ್ ಕೊಡಲು ನಲವತ್ತು ವರ್ಷ ತೆಗೆದುಕೊಂಡಿದ್ದರೆ ಏನು ಮಾಡುತ್ತಿದ್ದಿರಿ?

ಅಡಿಕೆ ಮಾಣಿ, ಶಿರಸಿ

ಕೈಯಲ್ಲೇ ಸುಲಿಯುತ್ತಿದ್ದೆವು ಭಾವ. ಮೆಟ್ಟುಗತ್ತಿ ಇನ್ನೂ ಅಟ್ಟದ ಮೇಲಿದೆ.

ಕುಮಟಾ ಟು ಕುವೈತ್

ಯುದ್ಧದಲ್ಲಿ ಮೆಟ್ಟುಗತ್ತಿ ನಡೆಯುವುದಿಲ್ಲವಲ್ಲ ಭಾವಯ್ಯ.

ಗುಡ್ಡದಾಚೆಯವಳು

ಗಂಡಸರು ಎಂಜಿನ್ ಬಗ್ಗೆ ಮಾತಾಡುತ್ತಿದ್ದೀರಿ, ಸಂತೋಷ. ನಾನು ನೆಲದ ಬಗ್ಗೆ ಕೇಳುತ್ತೇನೆ.

ಇಲ್ಲಿಯ ನೌಕಾನೆಲೆಗೆ ಅಡಿಗಲ್ಲು ಬಿದ್ದಿದ್ದು 1986ರ ಅಕ್ಟೋಬರ್‌ನಲ್ಲಿ, ರಾಜೀವ್ ಗಾಂಧಿ ಬಂದಾಗ. ಅದೇ ಕದಂಬ ನೆಲೆ, ಉದ್ಘಾಟನೆ ಆಗಿದ್ದು 2005ರ ಮೇ 31. ನಡುವಿನ ಹತ್ತೊಂಬತ್ತು ವರ್ಷದಲ್ಲಿ ಕಾರವಾರ, ಅಂಕೋಲಾ ನಡುವಿನ ಸಾಲು ಹಳ್ಳಿಗಳು ಸಮುದ್ರ ಬಿಟ್ಟು ಗುಡ್ಡದ ಈಚೆ ಬಂದವು. ನಮ್ಮ ಅಜ್ಜಿ ಸಾಯುವವರೆಗೂ ಸಂಜೆ ಆದರೆ ಪಡುವಣಕ್ಕೆ ತಿರುಗಿ ಕೂರುತ್ತಿದ್ದರು. ಅಲ್ಲಿ ಕಾಣುವುದು ಗುಡ್ಡ ಮಾತ್ರ. ಈಗ ಅಲಗೇರಿಯಲ್ಲಿ ವಿಮಾನ ನಿಲ್ದಾಣಕ್ಕೆ ಅಂತ ಮತ್ತೆ ಜಾಗ ಹೋಗುತ್ತಿದೆ.

ನೀವು ದೇಶಿ, ವಿದೇಶಿ ಅನ್ನುತ್ತೀರಿ. ದೇಶಿ ಅಂದರೆ ಯಾವ ಊರು? ಟಾಟಾ, ಏರ್‌ಬಸ್ ಸೇರಿ ಸಿ-295 ಸಾರಿಗೆ ವಿಮಾನ ಮಾಡುವುದು ವಡೋದರಾದಲ್ಲಿ. ಹೆಲಿಕಾಪ್ಟರ್ ಗುಬ್ಬಿ ತಾಲೂಕಿನಲ್ಲಿ. ನನ್ನ ಚಿಕ್ಕಪ್ಪನ ಮಗ ಐಟಿಐ ಫಿಟ್ಟರ್, ಒಳ್ಳೆಯ ಅಂಕ. ಇಲ್ಲಿ ಗುತ್ತಿಗೆಯವರ ಹತ್ತಿರ ದಿನಗೂಲಿಗೆ ಎರಡು ವರ್ಷ ದುಡಿದು, ಸಂಬಳ ಮೂರು ತಿಂಗಳು ನಿಂತ ಮೇಲೆ ಗೋವಾಕ್ಕೆ ಹೋದ. ಅಲ್ಲಿ ಹೋಟೆಲಿನ ಎಸಿ ರಿಪೇರಿ ಮಾಡುತ್ತಾನೆ. ನಮ್ಮ ನೆಲದ ಮೇಲೆ ಇಳಿಯುವ ವಿಮಾನ ಫ್ರಾನ್ಸಿನದಾದರೇನು, ಬೆಂಗಳೂರಿನದಾದರೇನು? ಅದರ ಒಂದು ಬೋಲ್ಟ್ ಬಿಗಿಯುವ ಕೆಲಸ ಇಲ್ಲಿಯ ಹುಡುಗರಿಗೆ ಸಿಗುತ್ತದಾ? ಅಷ್ಟು ಹೇಳಿ.

ಲಂಗರು ಎತ್ತಿದವ

ತಂಗಿ, ನಿನ್ನ ಪ್ರಶ್ನೆಗೆ ಥಟ್ ಅಂತ ಉತ್ತರ ಕೊಡುವ ಧೈರ್ಯ ನನಗಿಲ್ಲ. ಒಂದು ಮಾತು ಮಾತ್ರ. ವಿಮಾನವನ್ನು ಒಮ್ಮೆ ಮಾಡುತ್ತಾರೆ, ಮೂವತ್ತು ವರ್ಷ ರಿಪೇರಿ ಮಾಡುತ್ತಾರೆ. ಟುಪೊಲೆವ್ ನಮ್ಮಲ್ಲಿಗೆ ಬಂದಿದ್ದು 1988ರಲ್ಲಿ, ಹೊರಟಿದ್ದು 2017ರ ಮಾರ್ಚ್ 29ಕ್ಕೆ. 29 ವರ್ಷ! ಅಷ್ಟೂ ವರ್ಷ ಅದರ ಹೊಟ್ಟೆಯೊಳಗೆ ಕೈ ಹಾಕಿದವರು ನಮ್ಮ ಹುಡುಗರೇ. ಕೇಳಬೇಕಾದ್ದು ಆ ಕೆಲಸವನ್ನು. ರಫೇಲ್-ಎಂ ಒಪ್ಪಂದದಲ್ಲೂ ಎಂಜಿನ್, ಸೆನ್ಸರ್ ರಿಪೇರಿಯ ವ್ಯವಸ್ಥೆ ಭಾರತದಲ್ಲೇ ಮಾಡಬೇಕು ಅಂತಿದೆ. ಅದು ಎಲ್ಲಿಗೆ ಹೋಗಬೇಕು ಅಂತ ಈಗಲೇ ಗಲಾಟೆ ಮಾಡದಿದ್ದರೆ ಅದೂ ಗುಡ್ಡದಾಚೆಗೇ ಹೋಗುತ್ತದೆ.

ಕುವೈತಿನವರಿಗೆ: ನಾನು ಹೊರಗಿನದೇ ಒಳ್ಳೆಯದು ಅಂದಿಲ್ಲ ಮಾರಾಯ್ರೆ. ನೀವು ಅರ್ಧ ಕೇಳಿಸಿಕೊಂಡಿರಿ.

ವಿಕ್ರಮಾದಿತ್ಯ ನಮ್ಮ ಕಾರವಾರದ ಹಡಗು. ಅದರ ಮೇಲಿನ ಮಿಗ್-29ಕೆ ವಿಮಾನಗಳು ರಷ್ಯಾದವು, ಒಟ್ಟು 45 ತಂದರು. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ 2016ರ ವರದಿಯಲ್ಲಿ ಏನು ಬರೆಯಿತು ಗೊತ್ತಾ? ಯಾವುದೇ ಹೊತ್ತಿಗೆ ಹಾರಲು ಸಿದ್ಧ ಇದ್ದಿದ್ದು ನೂರಕ್ಕೆ ಹದಿನಾರರಿಂದ ಮೂವತ್ತೆಂಟರಷ್ಟು. ಒಪ್ಪಿಕೊಂಡ 65 ಎಂಜಿನ್‌ಗಳಲ್ಲಿ 40ನ್ನು ವಿನ್ಯಾಸದ ದೋಷದಿಂದ ಹಿಂದೆ ತೆಗೆಯಬೇಕಾಯಿತು. ಇದು ಹೆಸರುವಾಸಿ ಕಂಪನಿಯ ಮಾಲು, ಎಚ್‌ಎಎಲ್ ಅಲ್ಲ. ಎಚ್‌ಎಎಲ್ ಹೀಗೆ ಮಾಡಿದ್ದರೆ ನಾವು ಬೆಂಗಳೂರಿಗೆ ಹೋಗಿ ಬೈದು ಬರುತ್ತಿದ್ದೆವು. ಮಾಸ್ಕೋಗೆ ಹೋಗಿ ಬೈಯುವವರು ಯಾರು?

ಇನ್ನೊಂದು ಹಳೆಯ ಕಥೆ. 1998ರಲ್ಲಿ ಪೋಖರಣ್ ಸಿಡಿಯಿತು. ಅಮೆರಿಕ ನಿರ್ಬಂಧ ಹಾಕಿತು. ನಮ್ಮ ಸೀ ಕಿಂಗ್ ಹೆಲಿಕಾಪ್ಟರ್‌ಗಳನ್ನು ಕೊಂಡಿದ್ದು ಬ್ರಿಟನ್ನಿನಿಂದ. ಆದರೆ ಅದರ ಮೂಲ ಅಮೆರಿಕದ್ದು, ಒಳಗಿನ ಎಷ್ಟೋ ಭಾಗ ಅಲ್ಲಿಂದಲೇ ಬರಬೇಕು. ಬರುವುದು ನಿಂತಿತು. ಎಂಥ ಸ್ಥಿತಿ ಅಂದರೆ, ಒಂದು ಹೆಲಿಕಾಪ್ಟರ್ ಹಾರಬೇಕು ಅಂದರೆ ಪಕ್ಕದಲ್ಲಿ ನಿಂತದ್ದರ ಭಾಗ ಬಿಚ್ಚಬೇಕು. ನಾವು ಬಿಚ್ಚಿದ್ದಕ್ಕೆಲ್ಲ ಚೀಟಿ ಕಟ್ಟುತ್ತಿದ್ದೆವು, ಇದು ಇಂಥ ನಂಬರಿನದು, ವಾಪಸ್ ಹಾಕಬೇಕು ಅಂತ. ಆ ಚೀಟಿಯ ಶಾಯಿ ಮಾಸಿಹೋಯಿತು, ಭಾಗ ಬರಲಿಲ್ಲ. ಅದೇ ಸಮಯಕ್ಕೆ ತೇಜಸ್‌ನ ಹಾರಾಟ ನಿಯಂತ್ರಣದ ಕೆಲಸಕ್ಕೆ ಅಮೆರಿಕದಲ್ಲಿದ್ದ ನಮ್ಮ ಎಂಜಿನಿಯರ್‌ಗಳನ್ನೂ ವಾಪಸ್ ಕಳಿಸಿದರು. ಅವರು ಇಲ್ಲಿಗೆ ಬಂದು ತಾವೇ ಕೂತು ಮುಗಿಸಿದರು. ನಲವತ್ತು ವರ್ಷ ಅಂತ ಲೆಕ್ಕ ಹಾಕುವಾಗ ಅದನ್ನೂ ಹಾಕಿ.

ಬೇಲೆಕೇರಿ ಬಾಯ್

ಇದೆಲ್ಲ ಕಮಿಷನ್ ಆಟ. ಎಲ್ಲಾ ಪಾರ್ಟಿ ಒಂದೇ.

ಕೋಡಿಬಾಗದವ

ತಮ್ಮಾ, ಮೊದಲೇ ಕೈ ಮುಗಿದು ಹೇಳಿದ್ದೇನೆ. ಅದಕ್ಕೆ ಬೇರೆ ಕಟ್ಟೆ ಇದೆ.

ಲೇತ್ ಮಾಸ್ತರ

ಊರು ಅಂಕೋಲಾ, ಹೊಟ್ಟೆಪಾಡು ಬೆಳಗಾವಿ. ಸಣ್ಣ ಮಷಿನ್ ಶಾಪ್ ಇದೆ. ಎರಡು ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರ), ಹಳೆಯ ಲೇತ್ ಒಂದು, ಹನ್ನೊಂದು ಜನ. ವಿಮಾನದ ಬಿಡಿಭಾಗ ಸ್ವಲ್ಪ ಮಾಡಿಕೊಟ್ಟವ, ಹಾಗಾಗಿ ಸುಮ್ಮನೆ ಓದಿಕೊಂಡು ಹೋಗಲಿಕ್ಕೆ ಆಗಲಿಲ್ಲ.

ಎಲ್ಲರೂ ನಲವತ್ತು ವರ್ಷದ ಮಾತಾಡುತ್ತೀರಿ. ಆರ್ಡರಿನ ಮಾತು ಯಾರೂ ಆಡಲಿಲ್ಲ. ತೇಜಸ್‌ಗೆ ಮೊದಲ ಆರ್ಡರ್ 2006ರಲ್ಲಿ, 20 ವಿಮಾನ. ಆಮೇಲೆ 2010ರಲ್ಲಿ ಇನ್ನೊಂದು 20. ಅದಾದ ಮೇಲೆ? 2021ರವರೆಗೆ ಏನೂ ಇಲ್ಲ. ಹನ್ನೊಂದು ವರ್ಷ! ಆಮೇಲೆ ಒಮ್ಮೆಗೇ 83. 2025ರ ಸೆಪ್ಟೆಂಬರ್‌ನಲ್ಲಿ ಮತ್ತೆ 97, ಸುಮಾರು 62,000 ಕೋಟಿ.

ಇದು ನನ್ನಂಥವನಿಗೆ ಹೇಗೆ ಬಂದು ಮುಟ್ಟುತ್ತದೆ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಒಂದು ಕಡೆಯಿಂದ (ಯಾರು ಅಂತ ಬೇಡ) ಒಂದು ಅಲ್ಯೂಮಿನಿಯಂ ಬ್ರಾಕೆಟ್ ಕೆಲಸ ಬಂತು. ಅಂಗೈ ಅಗಲ, ಮೂರು ತೂತು. 24 ಪೀಸ್. ಅಳತೆಯಲ್ಲಿ ಕೂದಲಿನ ಕಾಲು ಭಾಗ ಆಚೀಚೆ ಆದರೂ ರಿಜೆಕ್ಟ್. ಅದನ್ನು ಹಿಡಿಯಲು ಫಿಕ್ಸ್ಚರ್ ಮಾಡಿಸಿದೆ, ಹೊಸ ಟೂಲ್ ತಂದೆ, ತಪಾಸಣೆಗೆ ಒಬ್ಬ ಹುಡುಗನನ್ನು ಇಟ್ಟೆ. ಪೀಸಿನ ಬೆಲೆಗಿಂತ ಕಾಗದದ ಕಟ್ಟು ದಪ್ಪ. ಎಂಟನೆಯ ಪೀಸ್ ಆಗುವಾಗ ಡ್ರಾಯಿಂಗ್ ಬದಲಾಯಿತು. ಕೊಟ್ಟೆ. ದುಡ್ಡು ಹದಿನಾಲ್ಕು ತಿಂಗಳ ಮೇಲೆ ಬಂತು. ಮುಂದಿನ ಆರ್ಡರ್ ಯಾವಾಗ ಅಂದರೆ "ಮೇಲಿಂದ ಬರಬೇಕು." ಫಿಕ್ಸ್ಚರ್ ಮೂಲೆಯಲ್ಲಿ ತುಕ್ಕು ಹಿಡಿಯಿತು. ಆ ಹುಡುಗ ಕಾರಿನ ಫ್ಯಾಕ್ಟರಿಗೆ ಹೋದ.

ಅದೇ ಹೊತ್ತಿಗೆ ಇನ್ನೊಬ್ಬರ ಮೂಲಕ ಯುರೋಪಿನ ಪ್ರಯಾಣಿಕ ವಿಮಾನದ ಕೆಲಸ ಬಂತು. ಪೀಸಿಗೆ ಲಾಭ ಕಡಿಮೆ. ಆದರೆ ತಿಂಗಳಿಗೆ ಇಷ್ಟು, ಮೂರು ವರ್ಷ, ದುಡ್ಡು ಅರವತ್ತನೇ ದಿನಕ್ಕೆ. ಆ ಧೈರ್ಯದ ಮೇಲೆ ಎರಡನೇ ಸಿಎನ್‌ಸಿಗೆ ಸಾಲ ಮಾಡಿದೆ. ಈಗ ನಾನು ದೇಶಿ ಕಾರ್ಖಾನೆಯಾ, ವಿದೇಶಿ ಕಾರ್ಖಾನೆಯಾ? ನಮ್ಮವರಿಗೆ ಕಲಿಸಿದ್ದು ಯಾರು ಹಾಗಾದರೆ?

ಮನೆ ಮಗನಿಗೆ ಪರೀಕ್ಷೆ ಬೇಕು ಅಂದಿರಿ. ಸರಿ. ಆದರೆ ಒಂದು ತುತ್ತು ಹಾಕಿ ಹತ್ತು ವರ್ಷ ಉಪವಾಸ ಇಟ್ಟು, ಆಮೇಲೆ ಒಮ್ಮೆಲೇ ಮದುವೆ ಊಟ ಬಡಿಸಿ, ಇವನಿಗೆ ಜೀರ್ಣಶಕ್ತಿ ಇಲ್ಲ ಅಂದರೆ?

ಹಾಸ್ಟೆಲ್ ರೂಮ್ 12

ಧಾರವಾಡದಲ್ಲಿ ಮೆಕ್ಯಾನಿಕಲ್ ಓದುತ್ತಿದ್ದೇನೆ, ಊರು ಹೊನ್ನಾವರ. ಹೊರಗಿನವರಿಗೆ ಕೊಟ್ಟರೆ ಗಲಾಟೆ ಆಗುವುದು ನಮ್ಮಲ್ಲಿ ಮಾತ್ರ ಅಲ್ಲ. ಅಮೆರಿಕದ ವಾಯುಪಡೆಗೆ ಆಕಾಶದಲ್ಲೇ ಇಂಧನ ತುಂಬುವ 179 ಟ್ಯಾಂಕರ್ ವಿಮಾನ ಬೇಕಿತ್ತು. 2008ರಲ್ಲಿ ನಾರ್ತ್‌ರಾಪ್ ಮತ್ತು ಏರ್‌ಬಸ್‌ನ ಯುರೋಪಿಯನ್ ಕಂಪನಿ ಸೇರಿ ಗೆದ್ದವು. ಬೋಯಿಂಗ್ ತಕರಾರು ಹಾಕಿತು, ತಪಾಸಣೆಯಲ್ಲಿ ಆಯ್ಕೆಯಲ್ಲಿ ತಪ್ಪಾಗಿದೆ ಅಂತ ಬಂತು, ಟೆಂಡರ್ ರದ್ದಾಯಿತು. ಮತ್ತೆ ಕರೆದಾಗ 2011ರಲ್ಲಿ ಬೋಯಿಂಗ್‌ಗೇ ಸಿಕ್ಕಿತು. ಅದಾದ ಮೇಲೂ ಅದು ತಡವಾಯಿತು, ಇಂಧನದ ಕೊಳವೆ ಜೋಡಿಸುವಾಗ ನೋಡುವ ಕ್ಯಾಮೆರಾ ಸರಿ ಇಲ್ಲ ಅಂತ ವರ್ಷಗಟ್ಟಲೆ ರಗಳೆ. ಸ್ವಂತ ಕಂಪನಿಗೆ ಕೊಟ್ಟರೂ ಬೇಗ ಬರುತ್ತದೆ ಅಂತೇನಿಲ್ಲ.

ನನ್ನ ಡೌಟು: ಸಿ-295 ಥರ ಮಾಡಿದರೆ ಎರಡೂ ಕಡೆಯ ಲಾಭ ಸಿಗುವುದಿಲ್ಲವಾ? 56ರಲ್ಲಿ 16 ಸ್ಪೇನ್‌ನಿಂದ, 40 ವಡೋದರಾದಲ್ಲಿ.

ಲೇತ್ ಮಾಸ್ತರ

ಸಾರಿಗೆ ವಿಮಾನಕ್ಕೆ ಒಳ್ಳೆಯ ದಾರಿ. ಎಚ್‌ಎಎಲ್ ಬಿಟ್ಟು ಬೇರೆಯವರಿಗೂ ವಿಮಾನ ಕಟ್ಟುವುದು ಬರುತ್ತದೆ ಅಂತಾಯಿತು, ಅದೂ ಬೇಕಿತ್ತು. ಒಬ್ಬನೇ ಅಂಗಡಿಯವ ಇರುವ ಊರಿನಲ್ಲಿ ಅವನು ಬಾಗಿಲು ತೆಗೆದಾಗಲೇ ಬೆಳಗಾಗುವುದು.

ಆದರೆ ಹುಷಾರು ತಮ್ಮಾ. ಜೋಡಿಸುವುದು ಬೇರೆ, ಮಾಡುವುದು ಬೇರೆ. ಸುಖೋಯ್-30 ನಾಸಿಕದಲ್ಲೇ ಜೋಡಿಸಿದರು. ರಷ್ಯಾದಿಂದ ನೇರ ತಂದದ್ದಕ್ಕಿಂತ ದುಡ್ಡು ಜಾಸ್ತಿ ಬಿತ್ತು. ಹಾಗಂತ ದಂಡ ಆಯಿತಾ? ಇಲ್ಲ. ಅದೇ ವಿಮಾನಕ್ಕೆ ನಮ್ಮವರು ಬ್ರಹ್ಮೋಸ್ ಕ್ಷಿಪಣಿ ಕಟ್ಟಿ 2017ರಲ್ಲಿ ಹಾರಿಸಿದರು. ಹೊಟ್ಟೆ ಬಿಚ್ಚಿ ನೋಡಿದ್ದಕ್ಕೆ ತಾನೇ ಅದು ಸಾಧ್ಯವಾಗಿದ್ದು.

ಕುಮಟಾ ಟು ಕುವೈತ್

ಎಂಕೆ-1ಎ ತಡ ಆಗಿದ್ದಕ್ಕೂ ಆರ್ಡರ್ ಕಡಿಮೆ ಅಂತಲೇ ಹೇಳುತ್ತೀರಾ ಮಾಸ್ತರೇ? 83 ಕೊಟ್ಟು ನಾಲ್ಕು ವರ್ಷ ದಾಟಿತು. ಎಚ್‌ಎಎಲ್ ಮಾಡಿದ ಹೆಲಿಕಾಪ್ಟರ್ ಧ್ರುವ ನೋಡಿ. 2025ರ ಜನವರಿಯಲ್ಲಿ ಪೋರಬಂದರಿನಲ್ಲಿ ಕೋಸ್ಟ್ ಗಾರ್ಡ್‌ನದು ಬಿದ್ದು ಮೂವರು ಹೋದರು. ಇಡೀ ದೇಶದ ಧ್ರುವಗಳು ನೆಲಕ್ಕೆ ಕೂತವು. ನಮ್ಮ ಕರಾವಳಿಯಲ್ಲಿ ದೋಣಿ ಮುಳುಗಿದರೆ ಹುಡುಕಲು ಬರುವುದು ಅವೇ ಅಲ್ವಾ?

ಬೈತಖೋಲ್ ಬಲೆ

ಅದು ನಿಜ. ತಮಾಷೆ ಬಿಟ್ಟು ಹೇಳುತ್ತೇನೆ. ನಮಗೆ ಅದು ಯಾವ ದೇಶದ್ದು ಅಂತ ಬೇಕಿಲ್ಲ. ಜೂನ್ ಗಾಳಿಯಲ್ಲಿ ಹಾರಿ ಬರಬೇಕು ಅಷ್ಟೇ.

ನಮ್ಮ ದೋಣಿಗೂ ಹೊರಗಿನ ಎಂಜಿನ್ನೇ. ಊರಲ್ಲಿ ಮಾಡಿದ ದೋಣಿ, ಜಪಾನಿನ ಎಂಜಿನ್. ದೋಣಿ ಒಡೆದರೆ ಆಚಾರಿ ಎರಡು ದಿನದಲ್ಲಿ ಕೂರಿಸಿ ಕೊಡುತ್ತಾನೆ. ಎಂಜಿನ್ ಕೆಟ್ಟರೆ ಬಂಗಡೆ ಸೀಸನ್ನೇ ಹೋಯಿತು.

ಲೇತ್ ಮಾಸ್ತರ

ಬಲೆಯವರು ಒಂದೇ ಸಾಲಿನಲ್ಲಿ ಇಡೀ ತೇಜಸ್ ಕಥೆ ಹೇಳಿಬಿಟ್ಟರು. ನಾನು ನಾಲ್ಕು ಪ್ಯಾರಾ ದಂಡ ಮಾಡಿದೆ.

ಕುವೈತಿನವರೇ, ತಡ ಆಗಿದ್ದಕ್ಕೆ ಎಚ್‌ಎಎಲ್ ಪಾಲೂ ಇದೆ. ರೇಡಾರ್, ಕ್ಷಿಪಣಿ ಪರೀಕ್ಷೆಗಳು ಎಳೆದವು. ಆದರೆ ಎಂಜಿನ್ ಅಮೆರಿಕದ ಜಿಇ ಕಂಪನಿಯ ಎಫ್-404. 2021ರಲ್ಲಿ 99 ಎಂಜಿನ್‌ಗೆ ಒಪ್ಪಂದ. ಮೊದಲನೆಯದು ಕೈಗೆ ಬಂದಿದ್ದು 2025ರ ಮಾರ್ಚ್. ದೋಣಿ ನಮ್ಮದು, ಎಂಜಿನ್ ಬೇರೆಯವರದು. 1961ರಲ್ಲಿ ಹಾರಿದ ಎಚ್‌ಎಎಲ್‌ನ ಯುದ್ಧವಿಮಾನ ಮರುತ್‌ದೂ ಇದೇ ಗೋಳು. ಜರ್ಮನಿಯ ಕುರ್ಟ್ ಟ್ಯಾಂಕ್ ಬಂದು ಬೆಂಗಳೂರಿನಲ್ಲಿ ಕೂತು ಚಂದದ ಮೈ ಕಟ್ಟಿಕೊಟ್ಟರು. ಅದಕ್ಕೆ ತಕ್ಕ ಎಂಜಿನ್ ಸಿಗಲಿಲ್ಲ. ಬ್ರಿಟನ್ನಿನವರು ಅಭಿವೃದ್ಧಿಯ ಖರ್ಚು ಕೇಳಿದರು, ನಾವು ಕೊಡಲಿಲ್ಲ. ಶಕ್ತಿ ಸಾಲದ ಎಂಜಿನ್ ಹಾಕಿಕೊಂಡೇ ಅದು 1971ರ ಯುದ್ಧ ಮಾಡಿತು. 147 ಮಾಡಿ ನಿಲ್ಲಿಸಿದರು. ಮಾಡಿದ ಕೈಗಳು ಚದುರಿಹೋದವು. ಮುಂದೆ ತೇಜಸ್ ಶುರು ಮಾಡುವಾಗ ಮತ್ತೆ ಅ, ಆ, ಇ, ಈ.

ಕೋಡಿಬಾಗದವ

ಇದನ್ನೆಲ್ಲ ಅಕ್ಕನ ಮಗನಿಗೆ ಫೋನಿನಲ್ಲಿ ಓದಿ ಹೇಳಿದೆ. ನೌಕಾ ತೇಜಸ್ ಇಳಿದ ವಿಡಿಯೋವನ್ನು ಆಗಲೇ ಆರು ಸಲ ನೋಡಿದ್ದಾನಂತೆ. "ಹಂಗಾದ್ರ ನಾವು ಎಂಜಿನ್ನ ಯಾಕ ಮಾಡಂಗಿಲ್ಲ ಮಾಮಾ?" ಅಂತ ಕೇಳಿದ. ಇಲ್ಲಿ ಗೋಬಿ ತೋರಿಸಲಿಕ್ಕೂ ಆಗಲಿಲ್ಲ.

ಲೇತ್ ಮಾಸ್ತರ

ಮಾಡಲು ಹೊರಟಿದ್ದೆವು. 1989ರಲ್ಲಿ, ಬೆಂಗಳೂರಿನಲ್ಲೇ. ಹೆಸರು ಕಾವೇರಿ. 2008ರಲ್ಲಿ ಅದನ್ನು ತೇಜಸ್‌ನಿಂದ ಬೇರೆ ಮಾಡಿದರು, ಬೇಕಾದಷ್ಟು ಬಲ ಬರಲಿಲ್ಲ, ತೂಕ ಜಾಸ್ತಿಯಾಯಿತು. (ಕಾವೇರಿ ಅಂತ ಹೆಸರಿಟ್ಟರೆ ತಕರಾರು ಬಿಡುತ್ತದಾ? ಕಾಳಿ ಅಂತ ಇಡಬೇಕಿತ್ತು.)

ಹುಡುಗನಿಗೆ ಹೀಗೆ ಹೇಳಿ. ಎಂಜಿನ್ನಿನ ಒಳಗೆ ಬೆರಳುದ್ದದ ಬ್ಲೇಡುಗಳು ಸಾಲಾಗಿ ತಿರುಗುತ್ತವೆ. ಅವುಗಳ ಮೇಲೆ ಹಾಯುವ ಗಾಳಿ ಎಷ್ಟು ಬಿಸಿ ಅಂದರೆ, ಆ ಬ್ಲೇಡು ಯಾವ ಲೋಹದ್ದೋ ಆ ಲೋಹವೇ ಕರಗಬೇಕು. ಕರಗಬಾರದು ಅಂತ ಬ್ಲೇಡನ್ನು ಒಳಗೆ ಪೊಳ್ಳು ಮಾಡಿ, ಸೂಜಿಮೊನೆಯಂಥ ತೂತು ಕೊರೆದು ತಂಪು ಗಾಳಿ ಹರಿಸುತ್ತಾರೆ. ಇಡೀ ಬ್ಲೇಡು ಒಂದೇ ಹರಳಾಗಿ ಬೆಳೆಯಬೇಕು, ಕಲ್ಲುಸಕ್ಕರೆಯ ತುಂಡಿನ ಹಾಗೆ. ನಡುವೆ ಗೆರೆ ಬಂದರೆ ಅಲ್ಲೇ ಸೀಳುತ್ತದೆ. ಮೇಣದ ಸೌಟಿನಲ್ಲಿ ಕುದಿಯುವ ಬೆಲ್ಲದ ಪಾಕ ತಿರುವು, ಸೌಟು ಮಾತ್ರ ಕರಗಬಾರದು ಅಂದ ಹಾಗೆ. ಈ ಕೆಲಸ ಬರುವ ದೇಶಗಳನ್ನು ಎರಡು ಕೈ ಬೆರಳಲ್ಲಿ ಎಣಿಸಬಹುದು. ಅವರು ಬ್ಲೇಡು ಮಾರುತ್ತಾರೆ, ಸೌಟು ಮಾಡುವ ಗುಟ್ಟು ಮಾರುವುದಿಲ್ಲ.

ಅಡಿಕೆ ಮಾಣಿ, ಶಿರಸಿ

ಆಲೆಮನೆ ಸುದ್ದಿ ಬಂದಿದ್ದಕ್ಕೆ ಬಂದೆ. ತೇಜಸ್ ಮೈಯ ತೂಕದಲ್ಲಿ ನೂರಕ್ಕೆ 45ರಷ್ಟು ಕಾರ್ಬನ್ ಫೈಬರಿನಂಥ ಸಾಮಾನಂತೆ, ಈಗ ಓದಿದೆ. ನಮ್ಮ ಮನೆಯ ದೋಟಿಯೂ ಕಾರ್ಬನ್ ಫೈಬರ್! 60 ಅಡಿ, ಒಂದೇ ಕೈಯಲ್ಲಿ ಎತ್ತಬಹುದು. ಇನ್ನು ಮೇಲೆ ಔಷಧಿ ಹೊಡೆಯುವಾಗ ಸ್ವಲ್ಪ ಗತ್ತಿನಲ್ಲಿ ನಿಲ್ಲುತ್ತೇನೆ.

ಕುಮಟಾ ಟು ಕುವೈತ್

ದೋಟಿ ಯಾವ ದೇಶದ್ದು ಭಾವಯ್ಯ?

ಅಡಿಕೆ ಮಾಣಿ, ಶಿರಸಿ

ಅದು ಕೇಳಬೇಡ.

ಗುಡ್ಡದಾಚೆಯವಳು

ನಕ್ಕೆ, ಸುಳ್ಳು ಯಾಕೆ ಹೇಳಲಿ. ಆದರೆ ಲಂಗರಿನವರು ಹೇಳಿದ ರಿಪೇರಿ ಕೆಲಸದ ಮಾತು ತಲೆಯಲ್ಲಿ ಕೂತಿದೆ. ಅಲಗೇರಿಯ ಸಭೆಯಲ್ಲಿ ನಾವು ಯಾವಾಗಲೂ ಪರಿಹಾರ ಎಷ್ಟು ಅಂತ ಮಾತ್ರ ಕೇಳುತ್ತೇವೆ. ವಿಮಾನ ರಿಪೇರಿಗೆ ಯಾವ ಕೋರ್ಸ್ ಬೇಕು, ಅದು ಇಲ್ಲಿಯ ಐಟಿಐಗೆ ಬರಲು ಯಾರಿಗೆ ಬರೆಯಬೇಕು, ಒಂದು ಕಾಗದ ಮಾಡಿಕೊಡುತ್ತೀರಾ ಅಣ್ಣ? ನನ್ನ ಕೈಬರಹ ಚೆನ್ನಾಗಿದೆ, ನಾನೇ ಪ್ರತಿ ಮಾಡಿ ಸಹಿ ಹಾಕಿಸುತ್ತೇನೆ.

ಲಂಗರು ಎತ್ತಿದವ

ಮಾಡೋಣ ತಂಗಿ. ಈ ವಾರವೇ. ಯಾವ ವಿಮಾನ ಅಂತ ಬರೆಯುವುದು ಬೇಡ. ಹೈಡ್ರಾಲಿಕ್, ವಯರಿಂಗ್, ಶೀಟ್‌ಮೆಟಲ್. ಈ ಮೂರು ಕಲಿತವನಿಗೆ ರಷ್ಯಾ, ಫ್ರಾನ್ಸು, ಬೆಂಗಳೂರು ಎಲ್ಲ ಒಂದೇ.

ಕೋಡಿಬಾಗದವರೇ, ಹುಡುಗ ಮತ್ತೆ ಯಾವಾಗ ಬರುತ್ತಾನೆ?

ಕೋಡಿಬಾಗದವ

ಕ್ರಿಸ್‌ಮಸ್ ರಜೆಗೆ.

ಲಂಗರು ಎತ್ತಿದವ

ಟುಪೊಲೆವ್ ಹತ್ತಿರ ಕರೆದುಕೊಂಡು ಬನ್ನಿ, ಸಂಜೆ ನಾಲ್ಕೂವರೆಗೆ. ಆ ಎರಡು ಪಂಖ ಯಾಕೆ ಎದುರುಬದುರು ತಿರುಗುತ್ತವೆ ಅಂತ ಅಲ್ಲೇ ನಿಂತು ತೋರಿಸುತ್ತೇನೆ. ಪ್ರಶ್ನೆಗಳನ್ನು ಬರೆದುಕೊಂಡು ಬರಲಿ. ಗೋಬಿ ನಿಮ್ಮ ಲೆಕ್ಕ, ನನಗೆ ಸಕ್ಕರೆ ಹಾಕದ ಚಹಾ.

ಬೈತಖೋಲ್ ಬಲೆ

ಎಲ್ಲಿಯ ಗೋಬಿ ಅಂತ ಈಗಲಾದರೂ ಹೇಳ್ರೋ.